ಮಂಗಲವಾಗದ ಕಾದಂಬರಿ

ಪುಸ್ತಕವನ್ನು ಎತ್ತಿಕೊಂಡು ಹೋದವರಿಗೆ ಏನೂ ಆಗಲಿಲ್ಲ. ದೂರು ಕೊಟ್ಟವರಿಗೂ ಏನೂ ಆಗಲಿಲ್ಲ. ಬರೆದವರು ತೀರಿಕೊಂಡು ಬಹಳ ಕಾಲವಾಗಿದೆ. ಅವರಿಗೆ ಆಗುವುದೇನೂ ಉಳಿದಿರಲಿಲ್ಲ. ಶಿಕ್ಷೆ ಅನುಭವಿಸಿದವಳು ನನ್ನ ಸೋದರತ್ತೆ. ಅವಳಿಗೆ ಒಂದಕ್ಷರವೂ ಓದಲು ಬರುವುದಿಲ್ಲ!

ಆದರೂ ಇಡೀ ಜೇವರ್ಗಿ ತಾಲೂಕಿನಲ್ಲಿ ಅವಳಷ್ಟು ಕಾದಂಬರಿಗಳನ್ನು ಅರಗಿಸಿಕೊಂಡವರು ಇನ್ನೊಬ್ಬರಿಲ್ಲ ಎಂದು ಯಾವ ವೇದಿಕೆಯ ಮೇಲೆ ಬೇಕಾದರೂ ನಿಂತು ಹೇಳಬಲ್ಲೆ. ವೇದಿಕೆಯ ಮೇಲೆ ನಿಲ್ಲುವುದು ನನಗೆ ರೂಢಿ. ಓದುವ ಹಕ್ಕಿನ ಬಗ್ಗೆ ಊರೂರು ತಿರುಗಿ ಭಾಷಣ ಮಾಡುವವನು ನಾನು. ಅಂಥ ಒಂದು ಭಾಷಣವನ್ನು ಕೊನೆಯವರೆಗೆ ಕೇಳಿದ ಅತ್ತೆ, "ಚೊಲೊ ಮಾತಾಡ್ತಿ ತಮ್ಮಾ. ಆದ್ರ ಮುಂದೇನಾತು ಅಂತ ಯಾರಿಗೂ ಅನಸಂಗಿಲ್ಲ ನೋಡು, ಅದೊಂದು ಕಮ್ಮಿ" ಎಂದು ತೀರ್ಪು ಕೊಟ್ಟಿದ್ದಳು. ಇಷ್ಟು ಚೊಕ್ಕವಾದ ವಿಮರ್ಶೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅವಳನ್ನು ಶಾಲೆಗೆ ಕಳಿಸದವರು ನನ್ನ ಅಜ್ಜ ಮತ್ತು ಅಜ್ಜಿ. ಅಪರಾಧಗಳನ್ನು ಹೆಸರಿಸುತ್ತ ಹೋಗುವುದಾದರೆ ಸ್ವಂತ ಮನೆಯಿಂದಲೇ ಆರಂಭಿಸುವುದು ನ್ಯಾಯ.

ನಮ್ಮ ಕಡೆ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕಡೆಯ ದಿನ ಮಂಗಲ ಮಾಡಿ ಊರಿಗೆಲ್ಲ ಗೋದಿ ಹುಗ್ಗಿ ಉಣಿಸುತ್ತಾರೆ. ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ; ಒಂದರ ಮಂಗಲವಾಗದೆ ಇನ್ನೊಂದನ್ನು ಹಚ್ಚುವಂತೆಯೂ ಇಲ್ಲ. ಅತ್ತೆ ವರ್ಷಗಟ್ಟಲೆ ಹೀಗೆ ಕೇಳಿ ಬೆಳೆದವಳು. ಯಡ್ರಾಮಿಯಿಂದ ಹತ್ತನೇ ತರಗತಿ ಪಾಸಾದ ಸೊಸೆ ಬಂದಳು. ಮಧ್ಯಾಹ್ನ ಓಣಿಯ ಐದಾರು ಹೆಂಗಸರು ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಾಗ, ಆಕೆ ಪಂಚಾಯಿತಿ ಗ್ರಂಥಾಲಯದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದತೊಡಗಿದಳು. ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋಗಿ ವ್ಯಾಸಪೀಠ ತಂದಳು. ಕಾದಂಬರಿಯನ್ನು ಅದರ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಊದಿನಕಡ್ಡಿ ಬೆಳಗಿ, "ಈಗ ಓದು" ಎಂದಳು.

"ಅತ್ತಿ, ಇದು ಪುರಾಣಲ್ರಿ, ಕಾದಂಬರಿ. ಇದರಾಗ ಲವ್ ಮಾಡ್ತಾರ!"

"ಪುರಾಣದಾಗ ಮಾಡಂಗಿಲ್ಲೇನು? ಓದ್ಬೇ."

ಅಂದಿನಿಂದ ನಮ್ಮ ಅತ್ತೆಯ ಅಂಗಳದಲ್ಲಿ ಎಲ್ಲ ಕಾದಂಬರಿಗಳಿಗೂ ಪುರಾಣದ ಮರ್ಯಾದೆ. ಮುಗಿದ ದಿನ ಮಂಗಲ, ಓಣಿಗೆಲ್ಲ ಹುಗ್ಗಿ. ನಾಯಕಿ ಬದುಕಿ ಉಳಿದರೆ ಹುಗ್ಗಿಗೆ ಬೆಲ್ಲ ಧಾರಾಳ. ಬರೆದವರು ಆಕೆಯನ್ನು ಅನ್ಯಾಯವಾಗಿ ಕೊಂದಿದ್ದರೆ ಬೆಲ್ಲದ ಕೈ ಬಿಗಿ! ಪುಸ್ತಕದ ಗಾಳಿಯೂ ಸೋಕದ ಗಂಡಸರು ಒಂದು ತುತ್ತು ಬಾಯಿಗಿಟ್ಟು, "ಈ ಸಲ ಕಡೀಕ ಸತ್ತಳೇನವ್ವ ಪಾಪ?" ಎಂದು ಕೇಳುತ್ತಿದ್ದರು. ಜೇವರ್ಗಿಯಲ್ಲಿ ಬೇಳೆ ಕೊಳ್ಳುವ ಅಂಗಡಿಯವರು ಒಮ್ಮೆ ಹರಳು ಹೆಚ್ಚಿವೆಯೆಂದು ತಕರಾರು ತೆಗೆದಾಗ ಅತ್ತೆ ಕೊಟ್ಟ ಸಮಜಾಯಿಷಿ ಇದು: "ಏನ್ ಮಾಡೂನ್ರಿ ಸಾವಕಾರ್ರ, ಆವತ್ತಿನ ಅಧ್ಯಾಯದಾಗ ಕೂಸು ತೀರಿಕೊಂಡಿತ್ತು. ಕಣ್ಣಾಗ ನೀರು ಇಟಗೊಂಡು ಹರಳು ಹೆಂಗ ಕಾಣಬೇಕು?" ಅಂಗಡಿಯವರು ಚೀಲವನ್ನು ತಕ್ಕಡಿಗೇರಿಸಿದರು.

ಆಮೇಲೆ ಅತ್ತೆಯ ಕಿವಿ ಮಂದವಾಗತೊಡಗಿತು. ಕಲಬುರಗಿಯ ವೈದ್ಯರು ನರದ ದೋಷವೆಂದರು. ಎಡಗಿವಿ ಹೋಗಿದೆ, ಬಲಗಿವಿಯೂ ಹೋಗುತ್ತದೆ, ಯಂತ್ರ ಇಟ್ಟರೂ ಹೆಚ್ಚು ಪ್ರಯೋಜನವಿಲ್ಲ ಎಂದರು. ಕಣ್ಣಿನಿಂದ ಓದುವ ನಮಗೆ ಇದು ಒಂದು ಕಾಯಿಲೆ. ಕಿವಿಯಿಂದ ಓದುವವಳಿಗೆ? ಸೊಸೆ ಅತ್ತೆಯ ಬಲಕ್ಕೆ ಸರಿದು ಕುಳಿತು, ದನಿಯನ್ನು ವಾರಕ್ಕೊಂದಿಷ್ಟು ಏರಿಸುತ್ತ ಹೋದಳು. ಕಡೆಗೆ ಅವಳ ಓದು ಓಣಿಯ ಆ ತುದಿಗೂ ಕೇಳತೊಡಗಿತು. ಅನಾಹುತ ಶುರುವಾದದ್ದು ಅಲ್ಲಿಂದ.

ಆಗ ಹಚ್ಚಿದ್ದ ಕಾದಂಬರಿಯಲ್ಲಿ ಊರ ದೇವರ ಪೂಜೆಯ ಮನೆತನದ ಗಂಡನೊಬ್ಬನಿದ್ದ. ಹಗಲು ಮಂಗಳಾರತಿ ಎತ್ತುವ ಅದೇ ಕೈಯಿಂದ ಸಂಜೆ ಹೆಂಡತಿಯನ್ನು ಬಡಿಯುತ್ತಿದ್ದ. ಒಂದು ಮಧ್ಯಾಹ್ನ ಆ ಹೆಂಡತಿ ಮೊದಲ ಬಾರಿಗೆ ಗಂಡನಿಗೆ ತಿರುಗಿ ಬಯ್ಯುವ ಪುಟ ಬಂತು. ಸೊಸೆ ಮೈದುಂಬಿ ಓದಿದಳು. ಹಾದಿಯಲ್ಲಿ ಹೋಗುತ್ತಿದ್ದ ಊರಿನ ಹಿರಿಯರೊಬ್ಬರು ಜಗಳ ಬಿಡಿಸಲು ಓಡಿಬಂದರು!

"ಏನದ ಗದ್ಲ? ಯಾರು ಯಾರಿಗಿ ಬೈಲಾಕತ್ತೀರಿ?"

"ನಾವಲ್ರಿ ಗೌಡ್ರ, ಪುಸ್ತಕದಾಗಿನಾಕಿ. ಬರ್ರಿ, ಕುಂದುರ್ರಿ. ಗಂಡ ಆಕಿ ಕೈ ಮುರದಾನ್ರಿ" ಎಂದಳು ಅತ್ತೆ, ತುಂಬು ಉತ್ಸಾಹದಿಂದ.

ಅವರು ಕೂರಲಿಲ್ಲ. ಕೇಳಿದ್ದು ಒಂದೇ ಒಂದು ಪುಟ, ಅದೂ ಗೋಡೆಯಾಚೆಯಿಂದ. ಗಂಡ ಕೈ ಮುರಿದದ್ದು ಅವರಿಗೆ ತಪ್ಪೆನಿಸಲಿಲ್ಲ, ಹೆಂಡತಿ ಬೈದದ್ದು ಧರ್ಮಕ್ಕೆ ಅಪಚಾರವೆನಿಸಿತು. ಹೆಚ್ಚಿನ ಸಂಕಟವೆಂದರೆ ಮೊರ ಹಿಡಿದವರ ಸಾಲಿನಲ್ಲಿ ಅವರ ಧರ್ಮಪತ್ನಿಯೂ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು. ಮರುದಿನವೇ ದೂರು ಹೋಯಿತು.

ದೂರಿನ ಬೆನ್ನಿಗೆ ಪಂಚಾಯಿತಿಯಿಂದ ಇಬ್ಬರು ಬಂದರು. ಅವರು ಅಂಗಳದಲ್ಲಿ ಕಂಡದ್ದಾದರೂ ಏನು? ವ್ಯಾಸಪೀಠ, ವಿಭೂತಿ, ಸೇವಂತಿಗೆ, ಊದಿನಕಡ್ಡಿಯ ಹೊಗೆ, ಸೆರಗು ಹೊದ್ದ ಹೆಂಗಸರು. ಇಬ್ಬರೂ ಚಪ್ಪಲಿ ಕಳಚಿದರು. ತಾವು ವಶಪಡಿಸಿಕೊಳ್ಳಬೇಕಾದ ಪುಸ್ತಕಕ್ಕೆ ಬಗ್ಗಿ ಹಣೆ ಹಚ್ಚಿದರು. ಅತ್ತೆ ಕೊಟ್ಟ ಬಾಳೆಹಣ್ಣು ತಿಂದು, "ಪುರಾಣ ನಡದದ, ನಡೀಲಿ ಬಿಡ್ರಿ. ಇಲ್ಲೇನೋ ಅಶ್ಲೀಲ ಪುಸ್ತಕ ಅದ ಅಂತ ಯಾರೋ ಸುಳ್ಳು ಹೇಳ್ಯಾರ" ಎಂದು ಹೊರಟುಹೋದರು! ಒಂದು ದಿನದ ಮಟ್ಟಿಗೆ ನಮ್ಮ ನಾಡಿನ ವಾಕ್ ಸ್ವಾತಂತ್ರ್ಯವನ್ನು ಒಂದು ಚಿಟಿಕೆ ವಿಭೂತಿ ಕಾಪಾಡಿತು.

ಮರುದಿನ ಹಿರಿಯರು ಖುದ್ದಾಗಿ ಜೊತೆಗೆ ಬಂದು ಬೆರಳು ಮಾಡಿ ತೋರಿಸಿದರು. ಆ ಹೊತ್ತಿಗೆ ಕಥೆಯ ಹೆಂಡತಿ ನಸುಕಿನಲ್ಲಿ ಮಗಳನ್ನು ಬಗಲಿಗೇರಿಸಿಕೊಂಡು ಮನೆ ಬಿಟ್ಟು, ಬಸ್ಸು ಹತ್ತಿದ್ದಳು. ಕಂಡಕ್ಟರ್ ಹತ್ತಿರ ಬಂದು "ಎಲ್ಲಿಗಮ್ಮಾ?" ಎಂದು ಕೇಳಿದ್ದ. ಆಕೆ ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಪುಸ್ತಕವನ್ನು ಮುಚ್ಚಿದರು.

"ಯಪ್ಪಾ, ಇನ್ನ ನಾಕ ದಿನದ್ದು ಓದ ಉಳದದ. ಮಂಗಲ ಆಗ್ಲಿ, ಆಮ್ಯಾಗ ನಾನ ತಂದು ಕೊಡ್ತೇನಿ" ಎಂದು ಅತ್ತೆ ಕೈ ಮುಗಿದಳು.

"ಮ್ಯಾಲಿಂದ ಹೇಳ್ಯಾರವ್ವ. ನಮ್ಮ ಕೈಯಾಗೇನದ?"

ಮೇಲಿನಿಂದ ಹೇಳಿದವರು ಯಾರು? ಆದೇಶದ ಪ್ರತಿ ಎಲ್ಲಿ? ಯಾವ ಪುಟ, ಯಾವ ಸಾಲು? ನಾನು ಅಫಜಲಪುರದ ಸಭೆಯನ್ನು ಬಿಟ್ಟು ಓಡಿಬಂದು ಕೇಳಿದೆ, ಅರ್ಜಿ ಬರೆದೆ, ಅರ್ಜಿಯ ಮೇಲೆ ಅರ್ಜಿ ಬರೆದೆ. ತಿಂಗಳುಗಳ ಬಳಿಕ ಉತ್ತರ ಬಂತು: ಸದರಿ ಪುಸ್ತಕವನ್ನು ಯಾರೂ ನಿಷೇಧಿಸಿರುವುದಿಲ್ಲ, ಆದ್ದರಿಂದ ಹಿಂದಿರುಗಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ! ಇದನ್ನು ಅತ್ತೆಯ ಬಲಗಿವಿಗೆ ಕೂಗಿ ಹೇಳಿದೆ. ಅವಳು, "ಹಂಗಾರ ಒಯ್ದವ್ರು ಯಾರು, ದೆವ್ವೇನು?" ಎಂದಳು.

ಇನ್ನೊಂದು ಪ್ರತಿಯನ್ನು ಹುಡುಕಬಾರದಿತ್ತೇ ಎಂದು ನೀವು ಕೇಳಬಹುದು. ಹುಡುಕದೆ ಬಿಟ್ಟೆನೇ? ಅಚ್ಚು ಹಾಕಿದ ಮುದ್ರಣಾಲಯ ಎಂದೋ ಮುಚ್ಚಿದೆ. ಮೊಬೈಲಿನಲ್ಲಿ ಹೆಸರು ಹೊಡೆದರೆ ಸೀರೆಯ ಜಾಹೀರಾತು ಬರುತ್ತದೆ. ಅಫಜಲಪುರದ ಕಡೆಯ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಒಂದು ಪ್ರತಿಯಿತ್ತು. ಅಲ್ಲಿಯವರು ಸುದ್ದಿ ಕೇಳಿದ್ದೇ ತಡ, ಯಾರೂ ಹೇಳದಿದ್ದರೂ ತಾವೇ ತೆಗೆದು ರದ್ದಿಗೆ ಹಾಕಿದ್ದರು. ಆಳಂದದ ನಿವೃತ್ತ ಮಾಸ್ತರರೊಬ್ಬರ ಬಳಿ ಇದೆಯೆಂದು ತಿಳಿದು ಅಲ್ಲಿಗೂ ಹೋದೆ. ಅವರು ಬಾಗಿಲ ಅಗಳಿ ಹಾಕಿ, ಪಿಸುದನಿಯಲ್ಲಿ, "ಹಂಡೆ ಒಲಿಗಿ ಹಾಕಿಬಿಟ್ಟೆ ಸರ್. ನನ್ನ ಮಗಳು ಸರ್ಕಾರಿ ನೌಕರಿ ಹುಡುಕಾಕತ್ತಾಳ್ರಿ" ಎಂದರು. ಬಳಿಕ ತಲೆ ತಗ್ಗಿಸಿ, "ಆ ನೀರಿಲೆ ಜಳಕ ಮಾಡಿದೆ. ಮೈ ಬೆಚ್ಚಗಾಗ್ಲೇ ಇಲ್ಲ" ಎಂದರು. ಅವರನ್ನು ಬೈಯುವುದಕ್ಕೆ ನನಗೆ ನಾಲಗೆ ಬರಲಿಲ್ಲ. ಒಂದು ಪುಸ್ತಕವನ್ನು ಒಯ್ದವರು ಇಬ್ಬರೇ. ಉಳಿದ ಪ್ರತಿಗಳನ್ನು ನಾಶ ಮಾಡಿದ್ದು ಭಯ. ಆ ಭಯವನ್ನು ಬಿತ್ತಿದವರು ಒಂದು ಸಹಿಯನ್ನೂ ಹಾಕಿಲ್ಲ.

ಕುತೂಹಲ ತಾಳಲಾರದೆ ಹಿರಿಯರ ಹೆಂಡತಿಯೇ ಒಂದು ದಿನ ನನ್ನನ್ನು ಕರೆದು, "ನಮ್ಮನ್ಯಾಗ ಅಲಮಾರಿ, ಟ್ರಂಕು, ದೇವರ ಜಗಲಿ ಎಲ್ಲಾ ಹುಡುಕಿದೆ ತಮ್ಮಾ, ಇಲ್ಲ. ಅವರ ತೆಲಿದಿಂಬಿನ ಕೆಳಗೂ ನೋಡಿದೆ" ಎಂದರು.

ಕಡೆಗೆ ಸೊಸೆ ಒಂದು ಉಪಾಯ ಹೂಡಿದಳು. ಬೇರೊಂದು ಪುಸ್ತಕವನ್ನು ತೆರೆದು ಹಿಡಿದು, ಮನಸ್ಸಿಗೆ ಬಂದದ್ದನ್ನು ಓದುವಂತೆ ನಟಿಸಿದಳು: ಆಕೆ ಸೊಲ್ಲಾಪುರಕ್ಕೆ ಟಿಕೆಟ್ ತೆಗೆದುಕೊಂಡಳು, ಅಲ್ಲಿ ಒಂದು ಖಾನಾವಳಿ ತೆರೆದಳು, ಬಿಸಿ ರೊಟ್ಟಿ, ಎಣ್ಣೆಗಾಯಿಗೆ ಜನ ಸಾಲು ಹಚ್ಚಿದರು...

ಅತ್ತೆ ಕೈಯೆತ್ತಿ ನಿಲ್ಲಿಸಿದಳು. "ಮುಚ್ಚಬೇ. ಇದು ಬರದವ್ರ ಮಾತಲ್ಲ, ನಿನ್ನ ಮಾತು. ಖಾನಾವಳಿ ತೆಗೀಬೇಕನ್ನೋದು ನಿನ್ನ ಆಸೆ. ನನ್ನ ಮಗನಿಗೆ ಹೇಳ್ತೇನಿ, ತೆಗೀಯಂತಿ. ಆದ್ರ ಆಕಿ ಎಲ್ಲಿಗಿ ಹೋದ್ಲು, ಅದು ಹೇಳು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಆ ಸಂಜೆ ನಾನು ಅವಳ ಬಲಕ್ಕೆ ಕುಳಿತು ಕೂಗಿದೆ: "ಅತ್ತಿ, ಹೋದ್ರ ಹೋಗ್ಲಿ ಬಿಡು. ಬ್ಯಾರೆ ಪುಸ್ತಕ ಭಾಳ ಅವ, ತಂದು ಕೊಡ್ತೇನಿ."

ಅವಳು ತೊಗರಿಯೊಳಗೆ ಬೆರಳಾಡಿಸುತ್ತ ಹೇಳಿದಳು: "ನಾನೂ ಹಂಗ ಹೋಗಿದ್ದೆ ತಮ್ಮಾ."

ನನಗೆ ತಿಳಿಯಲಿಲ್ಲ.

"ಜೇವರ್ಗಿ ಬಸ್ ಸ್ಟ್ಯಾಂಡಿಗಿ. ನಿಮ್ಮ ಮಾವ ಹೊಡದಿದ್ದ. ಕೂಸಿನ ಕಟಗೊಂಡು ನಸಿಕಿನ್ಯಾಗ ನಡಕೋತ ಹೋಗಿ ಬಸ್ ಹತ್ತಿದೆ. ಕಂಡಕ್ಟರ್ ಕೇಳ್ದ, ಎಲ್ಲಿಗವ್ವಾ ಅಂತ. ಕರಜಗಿ ಅಂದ್ರ ತವರುಮನಿ. ಅಲ್ಲಿಂದ ನಿಮ್ಮಪ್ಪ ಎರಡ್ ಸಲ ತಿರುಗಿ ತಂದು ಬಿಟ್ಟಿದ್ದ. ಅದು ಬಿಟ್ರ ನಾ ಹೋಗುವಂಥ ಇನ್ನೊಂದು ಊರಿನ ಹೆಸರ ನನಗ ಗೊತ್ತಿದ್ದಿಲ್ಲ. ಇಳದು ಮನಿಗಿ ಬಂದೆ." ಮೊರದಿಂದ ಒಂದು ಹರಳು ಆರಿಸಿ ಎಸೆದು ಮತ್ತೆ ಹೇಳಿದಳು: "ಆಕಿಗಿ ಗೊತ್ತಿತ್ತೇನೋ. ಯಾವೂರ ಹೆಸರ ಹೇಳಿದ್ಲೋ ಕೇಳಬೇಕಾಗಿತ್ತು."

ನಾವು ಹೋದಾಗಲೆಲ್ಲ ಪೆಪ್ಪರಮೆಂಟು ಕೊಡುತ್ತಿದ್ದ ಮಾವ. ಹೆಣ್ಣುಮಕ್ಕಳ ಮಾನ ಗಂಡನ ಮನೆಯಲ್ಲಿಯೇ ಎಂದು ನಂಬಿದ್ದ ನನ್ನ ತಂದೆ. ಇಬ್ಬರೂ ಈಗಿಲ್ಲ. ಅವರ ಹೆಸರಿಗೂ ಈ ತಪ್ಪುಗಳನ್ನು ಬರೆದಿಡುತ್ತೇನೆ. ನಾನು ವೇದಿಕೆಗಳ ಮೇಲೆ ಓದುವ ಹಕ್ಕು, ತಿಳಿಯುವ ಹಕ್ಕು ಎಂದು ಗಂಟೆಗಟ್ಟಲೆ ಹೇಳುತ್ತ ಬಂದಿದ್ದೆ. ಅದು ಒಂದು ಊರಿನ ಹೆಸರಿನಷ್ಟು ಚಿಕ್ಕದಿರಬಹುದೆಂದು, ಅದಿಲ್ಲದೆ ಹೆಂಗಸೊಬ್ಬಳು ಬಸ್ಸಿನಿಂದ ಇಳಿದು ಜೀವನವಿಡೀ ಹಿಂದಿರುಗಿ ನಡೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ತೊಗರಿಯ ಧೂಳು ನನ್ನ ಅಂಗೈಗೂ ಅಂಟಿತು.

ಅಂಗಳದಲ್ಲಿ ಈಗ ಓದಿಲ್ಲ. ಹಳೆಯದರ ಮಂಗಲವಾಗದೆ ಹೊಸದನ್ನು ಹಚ್ಚುವಂತಿಲ್ಲವಲ್ಲ! ಹೆಂಗಸರು ಬರುತ್ತಾರೆ, ಮೊರ ಹಿಡಿಯುತ್ತಾರೆ, ಸುಮ್ಮನೆ ಎದ್ದು ಹೋಗುತ್ತಾರೆ. ಬಲಗಿವಿ ಕೇಳಿಸುವುದು ಇನ್ನು ಈ ವರ್ಷದ ಮಟ್ಟಿಗೆ ಮಾತ್ರ ಎಂದು ವೈದ್ಯರು ಮೊನ್ನೆ ಹೇಳಿದರು.

ಆದ್ದರಿಂದ ದೂರು ಕೊಟ್ಟವರೇ, ಮೇಲಿನಿಂದ ಹೇಳಿದವರೇ, ಕೆಳಗಿನಿಂದ ಒಯ್ದವರೇ, ನನ್ನ ಬೇಡಿಕೆ ಇಷ್ಟು. ಆ ಪುಸ್ತಕ ನಿಮ್ಮ ಯಾವ ಕಪಾಟಿನಲ್ಲಿದೆಯೋ ಅಲ್ಲಿಂದ ತೆಗೆದು ಗ್ರಂಥಾಲಯಕ್ಕೆ ಒಪ್ಪಿಸಿ. ಯಾವ ಪುಟದ ಯಾವ ಸಾಲಿಗಾಗಿ ಒಯ್ದಿರಿ, ಅದನ್ನು ಓದಿದವರು ಯಾರು ಎಂಬುದನ್ನು ಸಹಿ ಹಾಕಿ ಬರೆದುಕೊಡಿ. ಅದಕ್ಕೂ ಮೊದಲು, ಶ್ರಾವಣದವರೆಗೆ ಕಾಯಿಸದೆ, ನಿಮ್ಮಲ್ಲಿ ಒಬ್ಬರು ಪುಸ್ತಕದೊಂದಿಗೆ ನಮ್ಮ ಅತ್ತೆಯ ಅಂಗಳಕ್ಕೆ ಬಂದು, ಕಂಡಕ್ಟರ್ ಕೇಳಿದ ಆ ಪುಟದಿಂದ ಕೊನೆಯವರೆಗೆ ಓದಿ ಹೇಳಿ. ಗಟ್ಟಿಯಾಗಿ ಓದಬೇಕು. ಅವಳ ಬಲಕ್ಕೆ ಕುಳಿತುಕೊಳ್ಳಬೇಕು.