ಹೊಸ ಮನಿಗೆ ಇಂಟರ್‌ನೆಟ್ ಬಂದ ಖರ್ಚು

ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತ ಹಿರ್ಯಾರು ಎರಡ ಮಾತಿಗೆ ನಿಂತ್ರು. ಅವರ ಕಾಲದಾಗ ಇಂಟರ್‌ನೆಟ್ ಇದ್ದಿದ್ರ ಮೂರನೇದೂ ಒಂದು ಸೇರಸ್ತಿದ್ರು. ಬ್ಯಾರೆಯವರಿಗೆ ಒಂದ ಅರ್ಜಿಲೆ ಮುಗಿಯೂ ಕೆಲಸ, ನಮ್ಮ ಮನ್ಯಾಗ ಮಾತ್ರ ಓಣಿಗೆ ಓಣೀನ ಕೂಡಿದ ಮ್ಯಾಲ ಮುಗೀತೈತಿ. ಇಂಥಾವು ನಮ್ಮನ್ನ ಹುಡಕಿಕೊಂಡ ಬರ್ತಾವ.

ನಾ ಹುನಗುಂದ ಕೋರ್ಟಿನ್ಯಾಗ ಗುಮಾಸ್ತ. ದಿನಾ ಇಳಕಲ್ಲಿಂದ ಬಸ್ಸಿಗೆ ಹೋಗಿ ಬಸ್ಸಿಗೆ ಬರಾಂವ. ನಮ್ಮಾಕಿ ನೇಕಾರ ಮನಿ ಮಗಳು, ಸೀರಿ ವ್ಯಾಪಾರ ಮಾಡ್ತಾಳ. ಸಂಸಾರಕ್ಕ ನನ್ನ ಪಗಾರ, ಸಂಸಾರದ ಬುದ್ಧಿಗೆ ಆಕಿ.

೧. ಕದ್ದ ದಡಿ

ಬ್ರಾಡ್‌ಬ್ಯಾಂಡ್ ಅನ್ನೂದು ನಮ್ಮೂರಿಗೆ ಆಗಷ್ಟ ಬಂದಿತ್ತು. ಮೊಬೈಲಿನ್ಯಾಗ ಫೋಟೋ ಕಳಸೂ ಕಾಲ ಅಲ್ಲ. ನಮ್ಮಾಕಿ ಹೊಸ ಸೀರಿ ಫೋಟೋ ತಗದು, ಬಜಾರದ ಇಂಟರ್‌ನೆಟ್ ಅಂಗಡಿಗೆ ಹೋಗಿ, ಸೊಲ್ಲಾಪುರದ ಸಾವಕಾರ್ರಿಗೆ ಕಳಸ್ತಿದ್ಲು.

ಅಂಗಡಿಯೊಳಗಿನ ಲೈನ್ ಆಮಿಗತಿ. ಫೋಟೋ ಮ್ಯಾಲಿಂದ ಕೆಳಗ ಒಂದೊಂದ ಎಳಿ ಇಳೀತಿತ್ತು. ಸೆರಗು ಪೂರಾ ಕಾಣೂದ್ರಾಗ ಆಕಿ ಬೆನ್ನ ಹಿಂದ ಒಂದ ಸಂತಿ ಕೂಡಿರ್ತಿತ್ತು. ಎಲ್ಲಾರೂ ಮಗ್ಗದವರ!

ಒಂದ ವಾರ ಬಿಟ್ಟು ನೋಡ್ತಾಳ, ಆಕಿ ಸೀರಿ ಅಂಚಿನ ಹೊಸ ದಡಿ ಬಜಾರದ ಎದುರಿನ ಓಣಿ ಮಗ್ಗದ ಮ್ಯಾಲ ಅರ್ಧಾ ನೇದಾಗೇತಿ. ಸಿಟ್ಟ ನೆತ್ತಿಗೇರಿ, "ಕಾಕಾ, ಈ ದಡಿ ಎಲ್ಲಿಂದ ತಂದ್ರಿ?" ಅಂತ ಕೇಳಿದ್ಲು.

ಕಾಕಾ ಚೂರೂ ಹೆದರಲಿಲ್ಲ. "ನಿಂದ ಐತವಾ, ಭಾಳ ಚಂದ ಐತಿ. ಆದ್ರ ನಿನ್ನ ಫೋಟೋದಾಗ ಮೂಲಿ ಸ್ವಲ್ಪ ಮಸಕ ಇತ್ತು ನೋಡು, ಅದಷ್ಟ ನಾವ ಅಂದಾಜಿಲೆ ನೇದ್ವಿ. ಇನ್ನೊಮ್ಮೆ ಬಿಸಲಾಗ ಇಟ್ಟ ತೆಗಿ."

೨. ಮೂಗಿಗಿಂತ ಮೂಗುತಿ ಭಾರ

ಸೊಲ್ಲಾಪುರದ ಸಾವಕಾರ್ರು ಖಡಕ್ ಹೇಳಿಬಿಟ್ರು. "ದೀಪಾವಳಿ ಮಾಲಿಗೆ ದಸರಾದೊಳಗ ಹೊಸ ನಮೂನಿ ಫೋಟೋ ಬರಬೇಕು. ಬ್ಯಾರೆ ಕಡೆ ಕಂಡಿದ್ದು ನನಗ ಬ್ಯಾಡ. ಇಲ್ಲಂದ್ರ ನಾ ಬ್ಯಾರೆಯವರನ್ನ ನೋಡ್ಕೋತೇನಿ." ಆ ಮಾಲು ಕೈ ಬಿಟ್ರ ನಮ್ಮಾಕಿನ್ನ ನಂಬಿದ ನಾಕು ಮಗ್ಗ ಹಬ್ಬದಾಗ ಸುಮ್ಮ ಕುಂಡ್ರತಿದ್ವು. ಬಜಾರಕ್ಕ ಹೋದ್ರ ದಡಿ ಕಳವು. ಅಂದ್ರ ಮನಿಗೇ ಲೈನ್ ಬರಬೇಕು.

ನಾವು ಮನಿ ಕಟ್ಟಿದ್ದು ಊರ ಹೊರಗ, ಹೊಸ ಪ್ಲಾಟಿನ್ಯಾಗ. ಫೋನ್ ಆಫೀಸಿಗೆ ಹೋದೆ. ಸಾಹೇಬ್ರು ಭಾಳ ಒಳ್ಳೇವ್ರು, ಚಾ ತರಿಸಿ ಹೇಳಿದ್ರು. "ಕನೆಕ್ಷನ್ ಅಗ್ಗ, ಮೋಡೆಮ್ಮೂ ಅಗ್ಗ. ಆದ್ರ ನಮ್ಮ ಕಡೀ ಕಂಬಕ್ಕೂ ನಿಮ್ಮ ಮನಿಗೂ ನಡುವ ಬರೇ ಬಯಲೈತಿ. ಅಲ್ಲಿ ಕಂಬದ ಖರ್ಚು ನಿಮ್ದ."

ಎಷ್ಟ್ರಿ ಅಂದೆ. ಅವರು ಹೇಳಿದ್ದು ನನ್ನ ಮೂರು ತಿಂಗಳ ಪಗಾರ. ಚಾ ಕಪ್ಪು ಕೆಳಗಿಟ್ಟೆ.

"ಸಾಹೇಬ್ರ, ಈ ರೊಕ್ಕದಾಗ ನಾ ಇನ್ನೊಂದ ಖೋಲಿ ಕಟ್ಟಬಹುದಲ್ರಿ!"

"ಕಟ್ಟರಿ, ಬ್ಯಾಡನ್ನೂದಿಲ್ಲ. ಆದ್ರ ಈ ಕಡೆ ಕಟ್ಟರಿ, ಕಂಬಕ್ಕ ಸಮೀಪ ಆಗ್ತೈತಿ."

೩. ಅರಿಷಿಣ ಕುಂಕುಮದ ಮಸಲತ್ತು

ನಾ ಮಾರಿ ಇಳಿಬಿಟ್ಟ ಮನಿಗೆ ಬಂದೆ. ನಮ್ಮಾಕಿ ಪೂರಾ ಕೇಳಿ, "ಒಬ್ಬರಿಗೆ ಭಾರ ಆದದ್ದು ಓಣಿಗೆ ಹಗರ" ಅಂದು, ಅರಿಷಿಣ ಕುಂಕುಮದ ಬಟ್ಟಲ ಹಿಡದು ಹೊಂಟಳು. ಹೊಸ ಪ್ಲಾಟಿನ್ಯಾಗ ಮನಿ ಕಟ್ಟಿದವರು ಯಾರ್ಯಾರದಾರ, ಅಷ್ಟೂ ಮನಿಗೆ. ಕುಂಕುಮ ಹಚ್ಚಗೊಂಡಾಕಿ ಇಲ್ಲ ಅನ್ನೂದು ಹೆಂಗ? ನಾ ಕೋರ್ಟಿನ್ಯಾಗ ಎಂತೆಂಥಾ ವಕೀಲರನ್ನ ನೋಡೇನಿ, ಈಕಿಯಂಥಾ ವಾದ ನೋಡಿಲ್ಲ.

ರಿಟಾಯರ್ ಆದ ಮಾಸ್ತರ್ರು ಮಾತ್ರ ಜಗ್ಗಲಿಲ್ಲ. "ಇಂಟರ್‌ನೆಟ್ಟಿನ್ಯಾಗ ಎಲ್ಲಾ ತಿಳೀತೈತಿ ಅಂತಾರ. ನನಗ ಮೊದಲ ಎಲ್ಲಾ ತಿಳದೈತಿ, ನನಗ್ಯಾಕ?"

ಅಡಗಿ ಮನಿಯಿಂದ ಅವರ ಹೆಂಡ್ತಿ ಕೂಗಿದ್ರು. "ಹಾಕಸ್ರಿ ಹಾಕಸ್ರಿ! ನಿಮ್ಮ ಮಾತು ಕೇಳಾಕ ಮನ್ಯಾಗ ಅದಾದ್ರೂ ಒಂದಿರ್ಲಿ."

ಕಡೀಕ ಗ್ರಾನೈಟ್ ಸಾವಕಾರ್ರ ಮನಿ. ಅವರದು ಸ್ವಂತ ಕಲ್ಲಿನ ಕ್ವಾರಿ. ಕೈ ಭಾಳ ಬಿಗಿ. "ನೋಡವಾ, ರೊಕ್ಕ ಕೇಳಬ್ಯಾಡ. ಕಲ್ಲ ಕೇಳು, ಎಷ್ಟ ಬೇಕಾದ್ರೂ ಕೊಡ್ತೇನಿ" ಅಂತ ನಕ್ಕು ಜಾರಕೊಳ್ಳಾಕ ನೋಡಿದ್ರು.

ನಮ್ಮಾಕಿ ಆ ಮಾತು ಕುಂತಲ್ಲೇ ಹಿಡಕೊಂಡ್ಲು. "ಅಷ್ಟ ಸಾಕ್ರಿ ಅಣ್ಣಾರ. ಕಂಬದಷ್ಟು ಉದ್ದಂದು ಕೊಡ್ರಿ."

ಆಡಿದ ಮಾತು, ಹೆಂಗ ಹಿಂದ ತಗೋತಾರ? ಕೆಂಪು ಕಲ್ಲು ಬಂತು, ಸಾಲಾಗಿ ಕಂಬ ನಿಂತ್ವು; ತಿರುವಿನ್ಯಾಗಿನ ಕಡೀದು ನಿಂತಾಗ ದೀಪ ಹಚ್ಚೂ ಹೊತ್ತಾಗಿತ್ತು. ಕಂಬ ನೆಡಸೂ ಖರ್ಚು ಓಣಿಯವರು ಹಂಚಿಕೊಂಡ್ರು. ಫೋನ್ ಸಾಹೇಬ್ರು ನೋಡಾಕ ಬಂದು, ಕಂಬದ ಮೈ ಸವರಿ ಸವರಿ ಅಂದ್ರು, "ತಂತಿ ಹಚ್ಚಾಕ ಅಡ್ಡಿಯಿಲ್ಲ. ಆದ್ರ ಖರೆ ಹೇಳ್ಲೇನ್ರಿ, ನಮ್ಮ ಆಫೀಸಿನ ನೆಲಕ್ಕೂ ಇಂಥಾ ಕಲ್ಲಿಲ್ಲ."

೪. ಕಂಬಕ್ಕ ಕಾಯಿ

ಮರುದಿನ ಮುಂಜಾನೆ ಲೈನ್‌ಮನ್ ತಂತಿ ಹಿಡಕೊಂಡ ಬಂದ. ತಿರುವಿನ್ಯಾಗಿನ ಕಂಬ ನೋಡಿದಾಂವ ಚಪ್ಪಲಿ ಬಿಟ್ಟು ಕೈ ಮುಗದು, ಹೋಗಿ ಗಿಡದ ನೆರಳಾಗ ಕುಂತ.

ಯಾಕಂದ್ರ ಕಂಬಕ್ಕ ಇಭೂತಿ ಪಟ್ಟಿ, ನಡುವ ಕುಂಕುಮ, ಕೊರಳಿಗೆ ಚೆಂಡು ಹೂವಿನ ಮಾಲಿ. ಬುಡಕ್ಕ ಒಡೆದ ಕಾಯಿ. ತಿರುವಿನ ಹಳೇ ಮನಿ ಆಯಿ, ಹಲ್ಲಿಲ್ಲದ ಬಾಯಿಲೆ ಏನೇನೋ ಮಂತ್ರ ಹೇಳ್ಕೋತ ಊದಿನಕಡ್ಡಿ ಬೆಳಗಾಕತ್ತಿದ್ಲು. ಸಂಜೀಕ ಲಗೂ ಮಲಗಿ ಮುಂಜಾನೆ ಏಳೂದ್ರಾಗ ಬಾಗಲ ಮುಂದ ಕೆಂಪು ಕಲ್ಲು ನಿಂತಿದ್ರ ಆಕಿ ಮತ್ತೇನು ತಿಳಕೋಬೇಕು?

ಲೈನ್‌ಮನ್ ಅಂದ, "ಏಣಿ ಹೆಂಗ ಹಚ್ಚಲ್ರಿ? ದೇವರ ಹೆಗಲ ಮ್ಯಾಲ ಕಾಲಿಡ್ಲೇನು? ನನಗೂ ಹೆಂಡ್ರು ಮಕ್ಕಳದಾರ."

ಗ್ರಾನೈಟ್ ಸಾವಕಾರ್ರು ಓಡಿ ಬಂದ್ರು. "ಆಯಿ, ಅದು ದೇವರಲ್ಲ, ನಮ್ಮ ಕ್ವಾರಿ ಕಲ್ಲು!"

ಆಯಿ ತಿರುಗಿ ನೋಡಲಿಲ್ಲ. "ಎಲ್ಲಾ ದೇವರೂ ಮೊದಲ ಯಾರದರ ಹೊಲದಾಗಿನ ಕಲ್ಲ ಆಗಿದ್ವು, ತಮ್ಮಾ."

ನಮ್ಮಾಕಿ ವಾದ ಮಾಡಲಿಲ್ಲ. ತಾನೂ ಕಂಬಕ್ಕ ಕೈ ಮುಗದು, ಆಯಿ ಬಾಜೂ ಕುಂತ್ಲು. "ಆಯಿ, ಬಂದ ದೇವರು ಬರೇ ನಿಂತಿದ್ರ ಹೆಂಗ? ನಾಕು ಮನಿಗೆ ಉಪಕಾರ ಆಗೂ ಕೆಲಸ ಐತಿ. ಒಂದ ತಂತಿ ಹಿಡೀಬೇಕಷ್ಟ. ನೀ ಒಂದ ಮಾತು ಹೇಳಿದ್ರ ಕೇಳ್ತಾನ."

ಆಯಿ ವಿಚಾರ ಮಾಡಿದ್ಲು. "ಅದೂ ಖರೆ ಅನ್ನು. ದುಡೀಲಾರದ ದೇವರನ್ನ ಇಟಗೊಂಡ ಏನ ಮಾಡೂದೈತಿ?"

ಆದ್ರ ಕರಾರು ಹಾಕಿದ್ಲು. ಲೈನ್‌ಮನ್ ಜಳಕಾ ಮಾಡಿ ಏರಬೇಕು. ಇಂಟರ್‌ನೆಟ್ ತಗೊಂಡ ಮನಿಯವರು ಅಮಾಸಿಗೊಂದು ಕಾಯಿ ಕೊಡಬೇಕು. ಪಾಪ, ಲೈನ್‌ಮನ್ ನಮ್ಮ ಹೊಸ ಬಚ್ಚಲದಾಗ ಮೊದಲ ಜಳಕಾ ಮಾಡಿ, ಒದ್ದಿ ತಲಿಲೇ ಏಣಿ ಏರಿದ. ಅಂಥಾ ಭಕ್ತಿಯಿಂದ ಎಳೆದ ತಂತಿ ಇಡೀ ಜಿಲ್ಲೇದಾಗ ಇರಲಿಕ್ಕಿಲ್ಲ!

ಹಿಂಗ ನಮಗ ತಿಂಗಳಾ ಎರಡ ಬಿಲ್ಲು. ಆಫೀಸಿನ ಬಿಲ್ಲು ತಡಾ ಆದ್ರ ದಂಡ. ಆಯಿ ಕಾಯಿ ತಡಾ ಆದ್ರ ಬಾಗಲಕ್ಕ ಆಯೀನ ಬರ್ತಿದ್ಲು. ಅದಕಿಂತ ದಂಡಾನ ಬರೋಬ್ಬರಿ.

೫. ಸೊಲ್ಲಾಪುರದ ಫೋನು

ದಸರಾ ಎದುರಿಗೇ ಬಂದಿತ್ತು. ಮೋಡೆಮ್ಮಿನ ದೀಪ ಹತ್ತಿದ ದಿನ ನಮ್ಮಾಕಿ ಅಂಗಳದಾಗ ಹೊರಸಿನ ಮ್ಯಾಲ ಹೊಸ ಸೀರಿ ಹಾಸಿ ಒಂದೊಂದ ಫೋಟೋ ತಗೀಲಿಕತ್ತಿದ್ಲು. ಅಷ್ಟೊತ್ತಿಗೆ ಆಯಿ ಬಂದ್ಲು. "ನನ್ನ ದೇವರು ಏನ ಕೆಲಸ ಮಾಡ್ತಾನ ನೋಡೂಣಂತ ಬಂದೆ." ತನ್ನ ಮದುವಿ ಸೀರಿ ಪೆಟ್ಟಿಗಿಯಿಂದ ತಗದು ಉಟಗೊಂಡ ಬಂದಿದ್ಲು. "ನಂದೂ ಒಂದ ಫೋಟೋ ಹೊಡಿಯವಾ."

ಕರಾರಿನ ಆಯಿ, ಒಲ್ಲೆ ಅನ್ನಾಕ ಬರ್ತೈತೇನು? ನಮ್ಮಾಕಿ ಹೊಡದ್ಲು. ಒಳಗ ಕಂಪ್ಯೂಟರಿನ ಮುಂದ ಕುಂತು ಕಳಸೂ ಕೆಲಸ ನಂದು; ಆಯಿನೂ ನೋಡಾಕ ಬಾಜೂ ಬಂದು ಕುಂತ್ಲು. ಆ ಕ್ಯಾಮರಾದಾಗ ಇದ್ದದ್ದೆಲ್ಲಾ ಒಟ್ಟಿಗೆ ಹಚ್ಚಿ ಕಳಿಸಿದೆ. ಬಜಾರದಾಗ ತಾಸು ಹಿಡೀತಿದ್ದದ್ದು ಕಣ್ಣ ಮುಚ್ಚಿ ತೆಗೂದ್ರಾಗ ಹೋತು. ಮೀಸಿ ತಿರುವಿದೆ.

ನಮ್ಮಾಕಿ ಬಂದು ನೋಡಿದಾಕಿ, "ಅಯ್ಯ, ಆಯಿ ಫೋಟೋನೂ ಕಳಿಸೀರಲ್ರಿ!" ಅಂತ ಹಣಿ ಬಡಕೊಂಡ್ಲು. "ಸಾವಕಾರ್ರು ಚಾಷ್ಟಿ ಮಾಡ್ಯಾರಂತ ತಿಳೀತಾರ. ಮಾಲು ಹೋತು, ಹಬ್ಬಾ ಹೋತು." ಆಕಿ ಕಣ್ಣಾಗ ನೀರ ಬಂತು. ನನ್ನ ಮೀಸಿ ತಾನಾಗೇ ಇಳೀತು. ಇಷ್ಟ ಓಡ್ಯಾಡಿದ ಆಕಿ ಕೆಲಸಾನ ನಾ ಒಂದ ಬೆರಳ ಒತ್ತಿ ಕೆಡಿಸಿದೆ ಅನಿಸ್ತು.

ಫೋನ್ ಬಾರಿಸ್ತು. ಸೊಲ್ಲಾಪುರ. ನಮ್ಮಾಕಿ ಕಣ್ಣ ಒರಸಿಕೊಂಡ ಎತ್ತಿದ್ಲು.

"ಅಕ್ಕಾರ, ಹೊಸಾವು ಎಲ್ಲಾ ಚಲೋ ಅದಾವ. ಅವು ಮುಂದ ನೋಡೂಣ. ಆದ್ರ ಕಡೀ ಫೋಟೋದಾಗ ಅಜ್ಜಿ ಉಟ್ಟಾರಲ್ರಿ, ಅಂಥಾ ದಡಿ ನಾ ಈ ಧಂದೇದಾಗ ನೋಡಿಲ್ಲ. ದೀಪಾವಳಿ ಮಾಲು ಪೂರಾ ಅದ ನಮೂನಿ ನೇಸ್ರಿ. ಮೊದಲ ಆ ಸೀರಿ ನನಗ ಬೇಕು, ಕೈಯಾಗ ಹಿಡದ ನೋಡಬೇಕು. ಲಗೂ ಕಳಸ್ರಿ!"

ನಮ್ಮಾಕಿ ಫೋನ್ ಇಟ್ಟು ಅಳಕೋತ ನಕ್ಕಳು. ಖುಷಿಲೇ ಆಯಿನ್ನ ಅಪ್ಪಿಕೊಂಡು, "ಆಯಿ! ಸೊಲ್ಲಾಪುರದ ಸಾವಕಾರ್ರು ಈ ಕಂಪ್ಯೂಟರಿನ್ಯಾಗ ನಿನ್ನ ನೋಡಿದ್ರು. ನೀ ಉಟ್ಟ ಸೀರೀನ ಬೇಕಂತ, ಲಗೂ ಕಳಸ್ರಿ ಅಂತಾರ" ಅಂದ್ಲು.

ಆಯಿ ಗಡಬಡಿಸಿ ಎದ್ದು ಸೆರಗು ಎರಡೂ ಕೈಲೆ ಹಿಡಕೊಂಡು, ಕಂಪ್ಯೂಟರಿನ ಎದುರಿಂದ ಸರದು ಬಾಗಲ ಹಿಂದ ನಿಂತ್ಲು. ಅಲ್ಲಿಂದ್ಲೇ ಕೂಗಿ ಹೇಳಿದ್ಲು:

"ಕೊಡ್ತೇನಿ, ಒಲ್ಲೆ ಅನ್ನೂದಿಲ್ಲ. ಮನಿಗೆ ಹೋಗಿ ಬ್ಯಾರೆ ಸೀರಿ ಉಟಗೊಂಡ ಬರ್ತೇನಿ. ಅಲ್ಲೀತನಕ ಅವಂಗ ಆ ಕಡೆ ಮಾರಿ ಮಾಡಿ ಕುಂಡ್ರಂತ ಹೇಳು!"