ಗೂಳಪ್ಪನನ್ನು ಗೆಲ್ಲಿಸಿದ ಎಲೆಗಳು

ಸಾಯಲು ತಯಾರಾಗಿ ಮಲಗಿದ್ದ ಗೂಳಪ್ಪ ಸುಮ್ಮನೆ ಮಲಗಿದ್ದರೆ ನಾಗಲಿಂಗಪ್ಪನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಆಡಿಬಿಟ್ಟ.

“ನಾಗ್ಯಾ, ಎಲ್ಲಾ ಆತು. ರಮ್ಮಿ ಆಟದಾಗ ನಿನ್ನ ಒಂದ್ ಸಲನೂ ಸೋಲ್ಸಲಿಲ್ಲ ನೋಡು. ಅದೊಂದು ಉಳೀತು.”

ಮಾತು ನಿಜವಾಗಿತ್ತು. ಇಬ್ಬರೂ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಒಂದೇ ಓಣಿಯವರು. ಮೂವತ್ತು ವರ್ಷದಿಂದ ಭಾನುವಾರ ಬಂತೆಂದರೆ ಇಬ್ಬರೇ ಕೂತು ಇಸ್ಪೀಟು ಎಲೆ ಹಾಕುವುದು ರೂಢಿ. ಪಣಕ್ಕೆ ದುಡ್ಡಿಲ್ಲ ಕಾಸಿಲ್ಲ. ಸೋತವನು ತನ್ನ ಕಿವಿ ತಾನೇ ಹಿಡಿದುಕೊಂಡು “ಸೋತೆ” ಅನ್ನಬೇಕು, ಅಷ್ಟೇ. ಆ ಮೂವತ್ತು ವರ್ಷದಲ್ಲಿ ಗೂಳಪ್ಪನ ಬಲಗಿವಿ ಎಡಗಿವಿಗಿಂತ ಅರ್ಧ ಬೆರಳು ಉದ್ದವಾಗಿದೆ ಎಂದು ಓಣಿಯವರು ನಗುತ್ತಿದ್ದರು. ಎಲೆ ಅವನ ಕೈಗೆ ಬರುತ್ತಲೇ ಇರಲಿಲ್ಲ. ಪಾಪ ಅನಿಸಿ ಒಂದು ಸಲ ನಾಗಲಿಂಗಪ್ಪ ಬೇಕೆಂದೇ ಸೋಲಲು ಹೋದಾಗ ಗೂಳಪ್ಪ ಎಲೆಯನ್ನು ಮುಖಕ್ಕೆ ಎಸೆದು ಹದಿನೈದು ದಿನ ಮಾತು ಬಿಟ್ಟಿದ್ದ.

ಈಗ ಒಂದು ತಿಂಗಳಿಂದ ಅವನು ಹಾಸಿಗೆ ಬಿಟ್ಟು ಎದ್ದಿಲ್ಲ. ಧಾರವಾಡದ ಡಾಕ್ಟರು, “ರೋಗಕ್ಕಿಂತ ಊಟ ಬಿಟ್ಟದ್ದೇ ಜಾಸ್ತಿ ಆಗೇತಿ. ಉಂಡರ ಉಳೀತಾರ, ಇಲ್ಲಂದ್ರ ಇಲ್ಲ” ಎಂದು ಮನೆಗೆ ಕಳಿಸಿದ್ದರು. ಹೆಂಡತಿ ಹೊಳೆವ್ವ ಗಂಜಿಯ ಬಟ್ಟಲು ಹಿಡಿದು ಕೂತರೆ ಗೂಳಪ್ಪ ಎರಡು ಚಮಚಕ್ಕೇ ಬಾಯಿ ಮುಚ್ಚುತ್ತಿದ್ದ, ರಜಾದಿನದ ಸರ್ಕಾರಿ ಆಫೀಸಿನ ಹಾಗೆ.

ಗೆಳೆಯನ ಕೊನೆಯ ಆಸೆ ನಾಗಲಿಂಗಪ್ಪನನ್ನು ಇರಗೊಡಲಿಲ್ಲ. ನಿವೃತ್ತನಾದ ಮೇಲೆ ಒಂದೂವರೆ ವರ್ಷದಿಂದ ಅವನು ಮೊಬೈಲಿನಲ್ಲಿ ನೋಡಿ ಎಲೆಗಳ ಜಾದೂ ಕಲಿಯುತ್ತಿದ್ದ. ಅದರಲ್ಲಿ ಒಂದು ಉಪಾಯವಿತ್ತು. ಕಟ್ಟಿನ ಎಲ್ಲ ಎಲೆಗಳನ್ನೂ ಒಂದು ತುದಿಗೆ ಕೂದಲೆಳೆಯಷ್ಟು ಕಿರಿದಾಗಿ ಕತ್ತರಿಸಬೇಕು. ಬೇಕಾದ ಎಲೆಗಳನ್ನು ಮಾತ್ರ ಹಿಂದುಮುಂದಾಗಿ ತಿರುಗಿಸಿಟ್ಟರೆ, ಎಷ್ಟೇ ಕಲಸಿದರೂ ಅವುಗಳ ಅಗಲ ತುದಿ ಬೆರಳಿಗೆ ಸಿಗುತ್ತದೆ. ಒಂದೇ ಎಳೆತಕ್ಕೆ ಎಲ್ಲವನ್ನೂ ಹೊರಗೆ ಸೆಳೆದು ಬೇಕಾದವರಿಗೆ ಹಂಚಬಹುದು. ಮಿಲ್ಲಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಆಯುಷ್ಯ ಸವೆಸಿದವನಿಗೆ ಇದು ಎಷ್ಟರ ಕೆಲಸ?

ಅದು ಎಷ್ಟರ ಕೆಲಸ ಎಂಬುದು ಒಂದು ವಾರದಲ್ಲಿ ಗೊತ್ತಾಯಿತು. ಮೊದಲ ಕಟ್ಟನ್ನು ಕುರುಡನೂ ಕಂಡುಹಿಡಿಯುವಷ್ಟು ಓರೆಯಾಗಿ ಕತ್ತರಿಸಿದ. ಎರಡನೆಯದರ ಮೇಲೆ ಚಹಾ ಚೆಲ್ಲಿತು. ಮೂರನೆಯದು ಸರಿಬಂತು. ಉಕ್ಕಿನ ಪಟ್ಟಿ, ಅರ್ಧ ಬ್ಲೇಡು, ಮೂಲೆ ದುಂಡಗೆ ಮಾಡಲು ಹೆಂಡತಿ ದ್ರಾಕ್ಷಾಯಣಿಯ ಉಗುರು ಕತ್ತರಿಸುವ ಕಟರು, ಮೇಲೆ ನುಣುಪಿಗೆ ಅವಳದೇ ಪೌಡರು.

“ಸಾಯೂ ಮನಷ್ಯಾಗ ಹಣ್ಣ ಒಯ್ತಾರ, ಎಳನೀರ ಒಯ್ತಾರ. ನೀವು ಮೋಸದ ಎಲಿ ಒಯ್ತೀರೇನ್ರಿ?” ಎಂದಳು ದ್ರಾಕ್ಷಾಯಣಿ.

“ಇದು ಮೋಸಲ್ಲ. ಔಷಧ.”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಔಷಧವನ್ನು ಜೇಬಿಗಿಟ್ಟುಕೊಂಡು ಗೂಳಪ್ಪನ ಮನೆಗೆ ಹೋದ. ಹೊಳೆವ್ವ ಗಂಡನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂಡಿಸಿದಳು. ನಾಗಲಿಂಗಪ್ಪ ಇನ್ನೇನು ಕಟ್ಟು ತೆಗೆಯಬೇಕು, ಬಾಗಿಲಲ್ಲಿ ಜ್ಯೋತಿಬಾ ಪ್ರತ್ಯಕ್ಷನಾದ. ಜೋಯಿಡಾ ಕಡೆಯ ಈ ಪಕ್ಕದ ಮನೆಯಾತ ಬಸ್ಸಿನ ಕಂಡಕ್ಟರಾಗಿದ್ದವನು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಯಾರ ಮನೆಗೆ ಯಾರು ಹತ್ತಿದರು, ಯಾರು ಇಳಿದರು ಎಂದು ನೋಡುವ ಚಟ ಬಿಟ್ಟಿರಲಿಲ್ಲ.

“ಅರೇ ದೇವಾ, ಆಟ ಸುರು ಆತೇನು? ಎಲಿ ಕಲಸೂದು ನಂಗ ಬಿಡ್ರಿ” ಎಂದವನೇ ನಾಗಲಿಂಗಪ್ಪನ ಕೈಯಿಂದ ಕಟ್ಟು ಕಸಿದ. ಅರ್ಧ ಈ ಕೈಯಲ್ಲಿ, ಅರ್ಧ ಆ ಕೈಯಲ್ಲಿ ಹಿಡಿದು, ಅರ್ಧವನ್ನು ತಿರುವುಮುರುವು ಮಾಡಿ, ರೊಟ್ಟಿಯ ಹಿಟ್ಟು ನಾದಿದ ಹಾಗೆ ಕಲಸಿಬಿಟ್ಟ. ವಾರದ ತಪಸ್ಸು ಅರ್ಧ ನಿಮಿಷದಲ್ಲಿ ಕಲಸುಮೇಲೋಗರವಾಯಿತು. ಯಾವ ಎಲೆಯ ತುದಿ ಅಗಲ, ಯಾವುದರದು ಕಿರಿದು ಎಂದು ಇನ್ನು ಶಿವನೇ ಹೇಳಬೇಕು.

ಬೇರೆ ದಾರಿಯಿಲ್ಲದೆ ನಾಗಲಿಂಗಪ್ಪ ಹಂಚಿದ. ತನ್ನ ಹದಿಮೂರು ಎಲೆ ಎತ್ತಿ ನೋಡಿದ. ಮೂವತ್ತು ವರ್ಷ ಬೆನ್ನು ಬಿಡದ ಅದೃಷ್ಟ ಇವತ್ತೂ ಬಿಟ್ಟಿರಲಿಲ್ಲ. ಎರಡು ಜೋಕರ್, ಜೋಡಿಸಿಟ್ಟಂತೆ ಸಾಲುಗಳು. ಆಟ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಕೆಡಿಸಬೇಕೆಂದು ಮೆಲ್ಲಗೆ ಜೋಕರನ್ನೇ ಕೆಳಗೆ ಹಾಕಲು ಹೋದ. ಬೆನ್ನ ಹಿಂದೆ ನಿಂತು ಇಣುಕುತ್ತಿದ್ದ ಜ್ಯೋತಿಬಾ ಅವನ ಮುಂಗೈ ಹಿಡಿದ.

“ಏ, ಜೋಕರ್ ಒಗೀತಾನ! ಕಣ್ಣಿಗೆ ಪೊರಿ ಬಂತೇನು? ತಾ ಇಲ್ಲೆ. ಇದು ಇಲ್ಲೆ, ಇದು ಅಲ್ಲೆ... ಆತಲ್ಲೋ ಮಾರಾಯಾ! ನಾಗಲಿಂಗಪ್ಪ ಗೆದ್ದ!”

ಗೂಳಪ್ಪ ಕೈ ನಿಧಾನಕ್ಕೆ ಎತ್ತಿ ಕಿವಿ ಹಿಡಿದ. “ಸೋತೆ” ಎಂದು ಹೇಳಿ ಗೋಡೆಯ ಕಡೆ ತಿರುಗಿದ. ಹೊಳೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ನಾಗಲಿಂಗಪ್ಪನಿಗೆ ತಾನೇ ಗೆಳೆಯನ ಬಾಯಿಗೆ ಕೊನೆಯ ನೀರು ಬಿಟ್ಟಂತಾಯಿತು.

“ಇನ್ನೊಂದ್ ಆಟ, ಗೂಳ್ಯಾ.”

“ಸಾಕ ಬಿಡೋ.”

“ನನ್ನ ಸಲುವಾಗಿ ಒಂದ. ನಿನ್ನ ಕಾಲ ಬೀಳ್ತೇನಿ.”

ಹೊಳೆವ್ವ ಒಳಗಿನಿಂದಲೇ ಕೂಗಿ, ಹಾಲು ತರಲು ಜ್ಯೋತಿಬಾನನ್ನು ಅಂಗಡಿಗೆ ಅಟ್ಟಿದಳು. ಅದೇ ಸಮಯ ನೋಡಿ ನಾಗಲಿಂಗಪ್ಪ ಎಲೆಗಳನ್ನು ಬೇಕೆಂದೇ ಕೆಳಗೆ ಚೆಲ್ಲಿದ. ಮಂಚದ ಕೆಳಗೆ ನುಸುಳಿ, ಅಂಗಾತ ಬಿದ್ದ ಆಮೆಯಂತೆ ಹೊರಳಾಡಿ, ಎಲ್ಲ ಎಲೆಗಳನ್ನೂ ಒಂದೇ ದಿಕ್ಕಿಗೆ ಜೋಡಿಸಿ, ಹದಿಮೂರನ್ನು ಮಾತ್ರ ತಿರುಗಿಸಿಟ್ಟು, ಏಳುವಾಗ ಮಂಚದ ಪಟ್ಟಿಗೆ ತಲೆ ಹೊಡೆಸಿಕೊಂಡು ಹೊರಬಂದ. ಹಣೆಯ ವಿಭೂತಿಯ ಮೇಲೆ ಜೇಡರ ಬಲೆ ಅಂಟಿತ್ತು. ಕಲಸಿದ, ಎಳೆದ, ಹಂಚಿದ. ಹನ್ನೆರಡು ಒಳ್ಳೆಯ ಎಲೆ ಗೂಳಪ್ಪನ ಕೈಗೆ ಹೋದವು. ಹದಿಮೂರನೆಯದು ನಡುವಿನ ಕಟ್ಟಿನ ತಲೆಯ ಮೇಲೆ ಕೂತಿತು.

ಗೂಳಪ್ಪ ಎಲೆ ಬಿಡಿಸಿ ನೋಡಿದ. ಮತ್ತೆ ನೋಡಿದ. “ಹೊಳೆವ್ವಾ, ನನ್ನ ಚಾಳೀಸ ಕೊಡು” ಎಂದ. ಕನ್ನಡಕ ಹಾಕಿಕೊಂಡು ಕಟ್ಟಿಗೆ ಕೈ ಹಾಕಿ ಒಂದು ಎಲೆ ಎತ್ತಿದ. ಬದಾಮಿನ ರಾಣಿ! ಅವನ ಗಂಟಲಿನಿಂದ ಬಂದ ದನಿ ಕೇಳಿ ಹೊಳೆವ್ವ ಏನೋ ಆಗಬಾರದ್ದು ಆಯಿತೆಂದು ಸೌಟು ಹಿಡಿದುಕೊಂಡೇ ಓಡಿಬಂದಳು.

“ಗೆದ್ದೆ! ಹೊಳೆವ್ವಾ, ನಾಗ್ಯಾನ್ನ ಗೆದ್ದೆ!”

ನಾಗಲಿಂಗಪ್ಪ ಎರಡೂ ಕಿವಿ ಹಿಡಿದು “ಸೋತೆ” ಎಂದ. ಅಷ್ಟು ಸಂತೋಷದಿಂದ ಅವನು ಯಾವತ್ತೂ ಯಾವ ಮಾತನ್ನೂ ಆಡಿರಲಿಲ್ಲ. ಹಾಲು ತಂದ ಜ್ಯೋತಿಬಾ ಹೊರಗೆ ನಿಂತು ಸಾರಿದ. ಎದುರುಮನೆಯ ನೀಲಕ್ಕ ಸಕ್ಕರೆ ಹಿಡಿದುಕೊಂಡು ಬಂದಳು. ಗೂಳಪ್ಪನ ಕಣ್ಣಲ್ಲಿ ನೀರು, ಬಾಯಲ್ಲಿ ಸಕ್ಕರೆ.

“ಆ ಎಲಿ ಇಲ್ಲೆ ಕೊಡೋ. ತಲಿದಿಂಬಿನ ಬುಡಕ ಇಟ್ಕೊಂಡ ಸಾಯ್ತೇನಿ.”

ಇಲ್ಲ ಎನ್ನುವುದು ಹೇಗೆ? ಎಲ್ಲ ಎಲೆ ಕೂಡಿಸಿ ಕಟ್ಟು ಮಾಡಿ ಕೊಟ್ಟ. ಗೂಳಪ್ಪ ಕಟ್ಟನ್ನು ಮಗುವಿನ ತಲೆ ಸವರಿದಂತೆ ಸವರತೊಡಗಿದ. ಆಗ ನಾಗಲಿಂಗಪ್ಪನಿಗೆ ನೆನಪಾಯಿತು. ಗೂಳಪ್ಪ ಮಿಲ್ಲಿನಲ್ಲಿ ಕಾಗದ ಪರೀಕ್ಷಿಸುವ ಮೇಜಿನ ಮೇಲಿದ್ದವನು. ಐದುನೂರು ಹಾಳೆಯ ಕಟ್ಟಿನ ಅಂಚಿಗೆ ಬೆರಳಾಡಿಸಿ, ಅಳತೆ ತಪ್ಪಿದ ಒಂದೇ ಒಂದು ಹಾಳೆಯನ್ನು ಕಣ್ಣು ಮುಚ್ಚಿಕೊಂಡು ಎಳೆದು ತೆಗೆಯುತ್ತಿದ್ದ.

ಸವರುತ್ತಿದ್ದ ಬೆರಳು ನಿಂತಿತು. ಹಿಂದೆ ಹೋಯಿತು. ಮುಂದೆ ಬಂತು. ಗೂಳಪ್ಪ ಎರಡು ತುದಿ ಹಿಡಿದು ಎಳೆದ. ಹದಿಮೂರು ಎಲೆ ಒಟ್ಟಿಗೇ ಜಾರಿ ಹೊರಬಂದವು. ಅವು ಯಾವ ಎಲೆ ಎಂದು ತಿರುಗಿಸಿ ನೋಡುವ ತಾಳ್ಮೆ ಅವನಿಗಿರಲಿಲ್ಲ.

“ಇದನ್ನ ಕತ್ತರ್ಸಿದ ಕೈ ನಂಗೊತ್ತೈತಿ” ಎಂದ ಗೂಳಪ್ಪ. “ಮೂವತ್ತು ವರ್ಷ ಹಿಂಗ ಗೆದ್ದಿ ಏನಲೇ?”

ನಾಗಲಿಂಗಪ್ಪನ ಬಾಯಿ ತೆರೆಯಿತು. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಆದರೆ ಅಷ್ಟರಲ್ಲಿ ಗೂಳಪ್ಪ ದಿಂಬು ಬಿಟ್ಟು ತಾನೇ ನೆಟ್ಟಗೆ ಕೂತಿದ್ದ, ಮುಖಕ್ಕೆ ರಕ್ತ ಏರಿತ್ತು.

“ಇಷ್ಟ್ ಮೋಸಾ ಮಾಡಿದ್ರೂ ಇವತ್ತ ನಾ ಗೆದ್ದೆ! ನಿನ್ನ ಮೋಸಾನೂ ಮೀರಿ ಗೆದ್ದೆ! ಹೌದೋ ಅಲ್ಲೋ? ಹೇಳ!”

ನಿಜ ಹೇಳಿದರೆ ಈ ಗೆಲುವು ಭಿಕ್ಷೆಯಾಗುತ್ತದೆ. ಹೇಳದಿದ್ದರೆ ಮೂವತ್ತು ವರ್ಷ ಸುಳ್ಳಾಗುತ್ತದೆ. ನಾಗಲಿಂಗಪ್ಪ ಗೆಳೆಯನ ಮುಖ ನೋಡಿದ. ಹೋದ ವಾರ ಗೋಡೆ ನೋಡುತ್ತಿದ್ದ ಮುಖ ಅದು.

“ಹೌದು” ಎಂದ. “ಮೋಸಾ ಮಾಡೀನಿ.”

ಆಮೇಲೆ ಆದದ್ದು ಜಾತ್ರೆ. “ಹಂಗಾರ ನನ್ನ ಜೋಡಿ ಆಡಿದ್ದೂ ಹಿಂಗ? ಬಸ್ಸಿನ ಚೆಕಿಂಗಿನಾಗೂ ಇಂಥಾ ಕಳ್ಳನ್ನ ನೋಡಿಲ್ಲ!” ಎಂದು ಜ್ಯೋತಿಬಾ ಕುಣಿದ. ಗಣೇಶನ ಹಬ್ಬದ ತಂಬೋಲಾ ಆಟದಲ್ಲಿ ನಂಬರು ಕೂಗುತ್ತಿದ್ದವನು ನಾಗಲಿಂಗಪ್ಪನೇ, ಅದಕ್ಕೇ ತನಗೆ ಒಂದು ಬಹುಮಾನವೂ ಬಂದಿಲ್ಲ ಎಂದು ನೀಲಕ್ಕನಿಗೆ ಈಗ ಅರ್ಥವಾಯಿತು. ಅವಳು ತಂದ ಸಕ್ಕರೆಯ ಡಬ್ಬಿ ಮುಚ್ಚಿಕೊಂಡಳು. “ಹೊರಗ ನಡೀ! ಮತ್ತ ಈ ಹೊಸ್ತಿಲ ತುಳದ್ರ ಕಾಲ ಮುರೀತೇನಿ!” ಎಂದು ಗೂಳಪ್ಪ ಕೂಗಿದ್ದು ಓಣಿಯ ಆ ತುದಿಗೆ ಕೇಳಿಸಿತು.

ನಾಗಲಿಂಗಪ್ಪ ತಲೆ ತಗ್ಗಿಸಿ ಮನೆಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಮಧ್ಯಾಹ್ನ ಊಟ ಸೇರಲಿಲ್ಲ. ಮಿಲ್ಲಿನ ಭೋಂಗಾ ಕೂಗಿತು, ಪಾಳಿ ಬಿಟ್ಟವರು ಸೈಕಲ್ ಮೇಲೆ ಹೋಗುತ್ತ ಇವನ ಬಾಗಿಲ ಕಡೆ ಕೈ ತೋರಿಸಿ ಏನೋ ಮಾತಾಡಿಕೊಂಡರು. ವಾರವಿಡೀ ಎದುರಿಗೇ ಕೂತು ಎಲೆ ಕತ್ತರಿಸುವುದನ್ನು ನೋಡಿದ್ದ ದ್ರಾಕ್ಷಾಯಣಿಯಾದರೂ ತನ್ನ ಪಕ್ಷ ಇದ್ದಾಳಲ್ಲ ಎಂಬುದೊಂದೇ ಸಮಾಧಾನ. ಅವಳು ಕಾಳು ಆರಿಸುತ್ತ, ತಲೆ ಎತ್ತದೆ ಕೇಳಿದಳು.

“ಸಿಟ್ಟಾಗಬ್ಯಾಡ್ರಿ, ಸುಮ್ಮ ಕೇಳ್ತೇನಿ. ಇಷ್ಟ ಚೊಲೋ ಕತ್ತರ್ಸೂದು ಒಂದ ವಾರದಾಗ ಬರ್ತೈತೇನ್ರಿ? ಮೊದಲಿಂದನೂ ಬರ್ತಿತ್ತೇನ್ರಿ?”

ಅವನು ಎದ್ದು ಹೊರಗಿನ ಕಟ್ಟೆಗೆ ಬಂದು ಕೂತ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳೆವ್ವ ಬಂದಳು. ಸೆರಗು ಹೊದ್ದು ಕಟ್ಟೆಯ ಕೆಳಗೇ ನಿಂತಳು. ನಾಗಲಿಂಗಪ್ಪ ಗಡಬಡಿಸಿ ಎದ್ದ.

“ಗೂಳಪ್ಪ ಹೆಂಗದಾನವಾ?”

“ಒಂದೂವರಿ ರೊಟ್ಟಿ ತಿಂದ್ರು ಅಣ್ಣಾ” ಎಂದಳು. “ತಿಂಗಳಾಗಿತ್ರಿ ರೊಟ್ಟಿ ಮುಟ್ಟಿ. ನಿಮ್ಮ ಹೆಸರ ತಗೊಂಡು ಬೈಕೋತ ತಿಂದ್ರು. ಬೈಯೂದು ನಿಂತ್ರ ಕೈನೂ ನಿಲ್ತೈತಿ.”

ನಾಗಲಿಂಗಪ್ಪನ ಎದೆ ಹಗುರಾಯಿತು. “ನಾಳೆ ಬಂದು ತಪ್ಪಾತು ಅಂತೇನಿ. ಅಂವ ನನ್ನ ಬಿಟ್ಟ ಇರಾಂವಲ್ಲ.”

“ಅಯ್ಯ ಬ್ಯಾಡ್ರಿ!” ಹೊಳೆವ್ವ ಗಾಬರಿಯಾದಳು. “ತಪ್ಪಾತು ಅಂದ್ರ ಸಿಟ್ಟು ಇಳದ ಹೋಗ್ತೈತಿ. ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ನೀವು ಒಳಗ ಬರಬ್ಯಾಡ್ರಿ, ಮಾತಾಡಬ್ಯಾಡ್ರಿ. ಊಟದ ಹೊತ್ತಿಗೆ, ಮುಂಜಾನೆ ಸಂಜೀಕ, ನಮ್ಮ ಕಿಟಕಿ ಮುಂದ ಒಮ್ಮೆ ಹಾದ ಹೋಗ್ರಿ ಸಾಕು. ಇಷ್ಟ ವರ್ಷ ಮೋಸಾ ಮಾಡೀರಿ, ಇದೊಂದು ಪುಣ್ಯಾ ಕಟ್ಕೋರಿ.”

“ಎಷ್ಟ ದಿನಾ?”

“ಅವರು ಎದ್ದ ಅಡ್ಡಾಡೂ ತನಕ.”

“ಎದ್ದ ಅಡ್ಡಾಡಿದ ಮ್ಯಾಲೆ?”

“ಆಮ್ಯಾಲೆ ಜ್ಯೋತಿಬಾನ ಜೋಡಿ ಆಡ್ತಾರಂತ. ಈಗ ಮಾತಾಗೇತ್ರಿ.” ಅವಳು ಸೆರಗು ಸರಿಮಾಡಿಕೊಂಡಳು. “ಈಗ ತಾಟ ಹಚ್ಚಿ ಬಂದೇನ್ರಿ. ಲಗೂ ಬರ್ರಿ.”

ನಾಗಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ಕಿಟಕಿಯಲ್ಲಿ ಬೆಳಕಿತ್ತು. ಅವನು ಎದುರಿಗೆ ಬರುತ್ತಲೇ ಒಳಗಿನಿಂದ ಗುಡುಗಿತು: “ನೋಡ, ಹೊಂಟ ನೋಡ ಲಫಂಗ! ನಾಚಿಕಿ ಇಲ್ಲದಾಂವ! ಏ ಹೊಳೆವ್ವಾ, ಪಲ್ಯಾ ಹಾಕು!” ತಾಟಿಗೆ ಸೌಟು ಬಡಿದ ಸದ್ದು ಕೇಳಿಸಿತು. ನಾಗಲಿಂಗಪ್ಪ ತಲೆ ಎತ್ತದೆ ನಡೆದು ಓಣಿಯ ತಿರುವು ಮುಟ್ಟಿದ.

ಹಿಂದೆ ಬಾಗಿಲು ಕಿರ್‍ ಎಂದಿತು. ಹೊಳೆವ್ವ ಹೊಸ್ತಿಲಲ್ಲಿ ನಿಂತು, ಕೈಯಲ್ಲಿ ಇನ್ನೊಂದು ರೊಟ್ಟಿ ಹಿಡಿದು, ಒಂದು ಬೆರಳೆತ್ತಿ ತೋರಿಸುತ್ತಿದ್ದಳು: ಇನ್ನೊಂದು ಸಲ. ನಾಗಲಿಂಗಪ್ಪ ತಿರುಗಿದ. ಈ ಸಲ ಚೆನ್ನಾಗಿ ಕಾಣಲೆಂದು ಕಿಟಕಿಯ ಸಮೀಪವೇ, ನಿಧಾನಕ್ಕೆ ನಡೆದ.