ಕೌದಿಯ ಹೊಟ್ಟೆ

ಕಮಲಾಪುರದ ಚಂದಮ್ಮನ ಮೊಮ್ಮಗ ಸರಕಾರದ ಕಲಾಕೃತಿ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ. ನಾನು ಅಲ್ಲೇ ಇದ್ದೆ. ಇಲ್ಲದ ಕಡೆಯದನ್ನೂ ಇದ್ದವನ ಹಾಗೆ ಹೇಳಬಲ್ಲೆ.

ತೊಂಬತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಕಲಬುರ್ಗಿಯ ಗೃಹತ್ಯಾಜ್ಯ ಕಲಾಭಿವೃದ್ಧಿ ಕಚೇರಿಯ ಜೀಪು ತಲೆಯ ಮೇಲೆ ಭೋಂಗಾ ಕಟ್ಟಿಕೊಂಡು ಕಮಲಾಪುರಕ್ಕೆ ಬಂದು ಊರಿಗೆಲ್ಲ ಕೇಳುವಂತೆ ಕೂಗಿತು: "ಸಾರ್ವಜನಿಕರು ಬೇಡವಾದ ಸಾಮಾನುಗಳನ್ನು ಅಂಗಳದಲ್ಲಿ ಇಡತಕ್ಕದ್ದು. ಅಂಗಳದಲ್ಲಿ ಕಂಡದ್ದೆಲ್ಲ ಬೇಡವಾದದ್ದೆಂದು ತಿಳಿಯತಕ್ಕದ್ದು. ನಿಮ್ಮ ಮನೆಯ ಕಸವೇ ನಾಡಿನ ಕಲೆ!"

ಚಂದಮ್ಮನ ಅಂಗಳದಲ್ಲಿ ಒಂದು ಹೊರಸು, ಅದರ ಮೇಲೆ ಬಿಸಿಲಿಗೆ ಹರವಿದ ಕೌದಿ, ಅದರ ಮೇಲೆ ನಿದ್ದೆ ಹೋಗಿದ್ದ ಗಂಡ ಅಣವೀರಪ್ಪ. ಮೂರನ್ನೂ ಎತ್ತಿದರು. ಮುಂದೆ ಇನ್ನೊಂದು ಮನೆಯ ಬೀಸುಕಲ್ಲಿಗೆ ಜಾಗ ಸಾಲದೆ ಅಣವೀರಪ್ಪನನ್ನು ಬಾಳೆತೋಟದ ಹತ್ತಿರ ಇಳಿಸಿದರು.

ಕೌದಿ ಮಾತ್ರ ಬೇಡವಾದದ್ದಾಗಿರಲಿಲ್ಲ. ಹುಟ್ಟಲಿರುವ ಮೊಮ್ಮಗುವಿಗೆಂದು ಚಂದಮ್ಮ ತನ್ನ ತಾಯಿಯ ಹಳೆ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದಿದ್ದಳು. ನಡುವೆ ಅಂಗೈಯಗಲ ಹೊಲಿಯದೆ ಬಾಕಿ ಉಳಿದಿತ್ತು. ಅವರ ಮನೆತನದಲ್ಲಿ ಕೊನೆಗೆ ಕೌದಿಯ ಹೊಟ್ಟೆಯೊಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಬಾಯಿ ಹೊಲಿಯುತ್ತಾರೆ. ಹಸಿದ ಕೌದಿಯ ಮೇಲೆ ಕೂಸನ್ನು ಮಲಗಿಸುವುದಿಲ್ಲ.

ರೊಟ್ಟಿ ಕಟ್ಟಿಕೊಂಡು ಚಂದಮ್ಮ ಕಚೇರಿಗೆ ಬಂದಳು. ಸಭಾಂಗಣದಲ್ಲಿ ಕೌದಿಯನ್ನು ತೊಲೆಗೆ ತೂಗುಹಾಕಿ, ಕೆಳಗೆ ಕೆಟ್ಟ ಸ್ಟೋವು, ತಳವಿಲ್ಲದ ಕೊಡ, ಹಳೆಯ ಮೊರ ಜೋಡಿಸಿದ್ದರು. ಮುಂದೊಂದು ಬೋರ್ಡು: 'ಹಸಿವು. ಮುಟ್ಟಬಾರದು.'

"ಸಾಹೇಬ್ರ, ನನ ಕೌದಿ ಕೊಡ್ರಿ. ಮಗಳಿಗಿ ದಿನಾ ತುಂಬ್ಯಾವ."

ಅಧಿಕಾರಿ ಮುಕುಂದರಾವರು ಸೌಮ್ಯವಾಗಿಯೇ ಹೇಳಿದರು, "ಅಹೋ ಬಾಯಿ, ಅದು ಈಗ ಕೌದಿ ಅಲ್ರಿ. ಪ್ರತಿಷ್ಠಾಪನಾ ಕಲಾ ಅದ."

"ಇರವಲ್ದ್ಯಾಕ್ರಿ. ಆ ಹೊಟ್ಟಿ ಒಂದೀಟು ಹೊಲದು ಹೋಗ್ತೀನಿ."

ಮುಕುಂದರಾವರು ಕುರ್ಚಿ ಬಿಟ್ಟೆದ್ದರು. "ಆ ತೂತೇ ಅದರ ಜೀವ! ಮೊನ್ನಿ ದೊಡ್ಡ ದೊಡ್ಡ ಪರಿಣತರು ಆ ತೂತಿನ ಮುಂದ ನಿಂತು ಅತ್ತಾರ!"

"ಪಾಪ, ಅವರಿಗೇನರ ರೊಟ್ಟಿ ಕೊಡ್ಲೇನ್ರಿ?"

ಕಲಾಕೃತಿ ಹೊರಗೆ ಹೋಗತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಕೂಸು ಒಳಗೆ ಬರತಕ್ಕದ್ದಲ್ಲ ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಆದ್ದರಿಂದ ಮಗಳು ಜಗದೇವಿ ಹಡೆದ ಮೇಲೆ ಚಂದಮ್ಮ ದವಾಖಾನೆಯಿಂದ ಬಾಣಂತಿಯನ್ನೂ ಕೂಸನ್ನೂ ನೇರ ಸಭಾಂಗಣಕ್ಕೇ ಕರೆತಂದಳು. ಕೌದಿ ಇನ್ನೂ ಹಸಿದಿತ್ತಲ್ಲ, ಕೂಸನ್ನು ಅದರ ಕೆಳಗಿನ ಮೊರದಲ್ಲಿ ಮಲಗಿಸಿದಳು.

"ಏ ನಬಿಸಾಬ್, ಇವರನ್ನ ಹೊರಗ ಹಾಕು!" ಎಂದರು ಮುಕುಂದರಾವರು.

"ರೂಲ್ ಇಲ್ರಿ ಸಾಬ್," ಎಂದ ಜವಾನ ನಬಿಸಾಬ್.

ಅಷ್ಟರಲ್ಲಿ ಪ್ರಶಸ್ತಿ ಸಮಿತಿಯವರು ಒಳಗೆ ಬಂದರು. ಅದೇ ಗಳಿಗೆಗೆ ಕೂಸು ಕಿರುಚಿ ಅಳತೊಡಗಿತು.

"ಅಬ್ಬಾ!" ಎಂದರು ಸಮಿತಿಯ ಅಧ್ಯಕ್ಷರು. "ಹಸಿವಿಗೆ ದನಿಯನ್ನೂ ಅಳವಡಿಸಿದ್ದೀರಿ!"

ಮುಕುಂದರಾವರು ವಿನಯದಿಂದ ತಲೆ ಬಾಗಿದರು. ಕೂಸು ಕಲಾಕೃತಿಯ ಅವಿಭಾಜ್ಯ ಅಂಗವೆಂದು ಸ್ಥಳದಲ್ಲೇ ದಾಖಲಾಯಿತು, ಮೊದಲ ಬಹುಮಾನವೂ ಬಂತು. ಸಮಿತಿಯವರು ಕಮಲಾಪುರದ ಕೆಂಪು ಬಾಳೆಹಣ್ಣನ್ನು ಗೊನೆಗಟ್ಟಲೆ ಪರಿಶೀಲಿಸಲು ಪಕ್ಕದ ಕೋಣೆಗೆ ತೆರಳಿದರು.

ಕೂಸಿನ ಅಳು ನಿಲ್ಲಲಿಲ್ಲ. ಎತ್ತಿಕೊಳ್ಳಲು ಹೋದ ಜಗದೇವಿಗೆ ನಬಿಸಾಬ್ ಬೋರ್ಡು ತೋರಿಸಿದ.

"ನನ ಕೂಸಿಗಿ ಹಾಲು ಕುಡಸಾಕ ಯಾರನ್ನ ಕೇಳಬೇಕ್ರಿ?" ಎಂದು ಅವಳೂ ಅತ್ತಳು.

"ಅರ್ಜಿ ಕೊಡವ್ವ," ಎಂದರು ಮುಕುಂದರಾವರು. ಆಮೇಲೆ ಕೂಸಿನ ಮುಖ ನೀಲಿಗಟ್ಟುವುದನ್ನು ಕಂಡು, ಬಹುಮಾನಿತ ವಸ್ತು ಹಾಳಾದರೆ ತಮ್ಮ ನೌಕರಿಗೇ ಕುತ್ತೆಂದು ನೆನಪಾಗಿ ಆದೇಶ ಹೊರಡಿಸಿದರು: "ಕಲಾಕೃತಿಯ ನಿರ್ವಹಣೆಗೆ ಆಹಾರ ಒದಗಿಸಬಹುದು."

ಜಗದೇವಿ ಕೂಸನ್ನು ಎದೆಗವಚಿಕೊಂಡಳು. ಚಂದಮ್ಮ ಸೂಜಿ ತೆಗೆದಳು.

"ಅಹೋ ಬಾಯಿ! ಇದೇನ್ರಿ?"

"ಕೂಸೂ ನಿಮ್ಮ ಕಲಾ, ಕೌದೀನೂ ನಿಮ್ಮ ಕಲಾ. ಒಂದಕ್ಕ ಹಾಲು ಕೊಟ್ಟು ಒಂದನ್ನ ಉಪಾಸ ಕೆಡವಿದ್ರ ಸರಕಾರಕ್ಕ ಚಂದ ಕಾಣ್ತದೇನ್ರಿ?"

ಮುಕುಂದರಾವರು ಆದೇಶವನ್ನು ಮತ್ತೆ ಓದಿದರು. ಅವಳು ಹೇಳಿದ್ದು ಅದರಲ್ಲೇ ಇತ್ತು. ನಬಿಸಾಬ್ ಏಣಿ ತಂದು ಕೌದಿ ಇಳಿಸಿಕೊಟ್ಟ. ಚಂದಮ್ಮ ರೊಟ್ಟಿಯ ಚೂರಿಟ್ಟು ಹೊಲಿದು, ಹಲ್ಲಿನಿಂದ ದಾರ ಕಡಿದು, ಮೊಮ್ಮಗನನ್ನು ಅದರ ಮೇಲೆ ಮಲಗಿಸಿದಳು. ಕೂಸು ಕೂಡಲೇ ನಿದ್ದೆ ಹೋಯಿತು.

ಆದರೆ ಮರುದಿನದಿಂದ ಕಲಾಕೃತಿಯು ಸಿಬ್ಬಂದಿಯ ಮಧ್ಯಾಹ್ನದ ವಿಶ್ರಾಂತಿಗೆ ಭಂಗ ತರತೊಡಗಿದ್ದರಿಂದ ಚಂದಮ್ಮನ ಮನೆಯನ್ನೇ ಕಚೇರಿಯ ಶಾಖೆಯೆಂದು ಘೋಷಿಸಿ ಕೂಸು, ಕೌದಿ, ಬೋರ್ಡು ಮೂರನ್ನೂ ಅಲ್ಲಿಗೆ ಕಳುಹಿಸಿಕೊಟ್ಟರು. ಅಣವೀರಪ್ಪನಿಗೆ ಹೊರಸು ಮಾತ್ರ ಮರಳಿ ಸಿಗಲಿಲ್ಲ. ಅದರ ಮೇಲೆ ಮುಕುಂದರಾವರು ವಿಶ್ರಾಂತಿ ಪಡೆಯುತ್ತಾರೆ.

ಈಗ ಹುಡುಗ ಶಾಲೆಗೆ ಹೋಗುತ್ತಾನೆ. ಮಗ್ಗಿ ತಪ್ಪಿದರೂ ಮಾಸ್ತರರು ಮುಟ್ಟುವಂತಿಲ್ಲ. ಕಿವಿ ಹಿಂಡಲು ಅನುಮತಿ ಕೋರಿ ಅವರು ಕೊಟ್ಟ ಅರ್ಜಿ ಪರಿಶೀಲನೆಯಲ್ಲಿದೆ.

ಪ್ರತಿ ವರ್ಷ ತಪಾಸಣೆಗೆ ಒಬ್ಬ ಸಾಹೇಬರು ಬರುತ್ತಾರೆ. "ಹಸಿವು ಎಲ್ಲಿ ಅದವ್ವ?" ಎಂದು ಕೇಳುತ್ತಾರೆ.

"ಕೂಡ್ರಿ, ಶಾಲಿ ಬಿಡೋ ಹೊತ್ತಾತು," ಎನ್ನುತ್ತಾಳೆ ಚಂದಮ್ಮ.

ಹುಡುಗ ಬಂದು ಪಾಟಿಚೀಲ ಮೂಲೆಗೆಸೆದು, "ಆಯೀ, ರೊಟ್ಟಿ!" ಎಂದು ಕೂಗಿ ಬುಟ್ಟಿ ಖಾಲಿ ಮಾಡುವವರೆಗೆ ಸಾಹೇಬರು ಶ್ರದ್ಧೆಯಿಂದ ನೋಡುತ್ತಾರೆ. ಆಮೇಲೆ ಪೆನ್ನು ತೆಗೆದು ಬರೆಯುತ್ತಾರೆ: 'ಹಸಿವು ಸುಸ್ಥಿತಿಯಲ್ಲಿದೆ.'